ಯಾವ ಕಾಗದ ಹೆಚ್ಚು ನೀರು ಹೀರುತ್ತದೆ? ತರಗತಿಯ ಪ್ರಯೋಗಕ್ಕೆ ವಿಧಾನ ಆರಿಸಿಕೊಳ್ಳುವ ಬಗೆ

ಕಿಚನ್ ಟವೆಲ್, ಟಿಶ್ಯೂ, ನ್ಯಾಪ್ಕಿನ್, ಟಾಯ್ಲೆಟ್ ಪೇಪರ್ ಇವುಗಳಲ್ಲಿ ಯಾವುದು ಹೆಚ್ಚು ನೀರು ಹೀರುತ್ತದೆ ಎಂಬ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸಲು ಹೊರಟವರಿಗೆ ಮೊದಲು ಎದುರಾಗುವ ಗೊಂದಲ ಕಾಗದದ್ದಲ್ಲ, ವಿಧಾನದ್ದು. ಪಟ್ಟಿ ಕತ್ತರಿಸಿ ನೀರಿಗೆ ಇಳಿಬಿಡಿ ಎಂದು ಒಬ್ಬರು ಹೇಳುತ್ತಾರೆ. ಅದ್ದಿ ತೂಗಿ ಎಂದು ಇನ್ನೊಬ್ಬರು, ಹನಿ ಎಣಿಸಿ ಎಂದು ಮತ್ತೊಬ್ಬರು. ಎಲ್ಲವೂ ಸರಿಯೇ. ಆದರೆ ಒಂದರಲ್ಲಿ ಮೊದಲು ಬಂದ ಕಾಗದ ಇನ್ನೊಂದರಲ್ಲಿ ಹಿಂದೆ ಬೀಳಬಹುದು. ಹಾಗಾದಾಗ ಮಕ್ಕಳು ‘ನಮ್ಮ ಪ್ರಯೋಗ ಕೆಟ್ಟಿತು’ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಬೇರೆ ಪ್ರಶ್ನೆ ಕೇಳಿದ್ದಕ್ಕೆ ಬೇರೆ ಉತ್ತರ ಬಂದಿರುತ್ತದೆ, ಅಷ್ಟೆ.

ಹಾಗಾಗಿ ಇಲ್ಲಿ ನಾಲ್ಕು ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಯಾವ ಕಾಗದಗಳನ್ನು ಸ್ಪರ್ಧೆಗೆ ಇಳಿಸಬೇಕು ಎಂಬುದು ಆಮೇಲೆ.

ಮೊದಲು ಅಳೆಗೋಲುಗಳು

‘ಹೀರುವುದು’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಗುಣಗಳು ಅಡಗಿವೆ: ಎಷ್ಟು ಹೀರುತ್ತದೆ, ಎಷ್ಟು ಬೇಗ ಹೀರುತ್ತದೆ, ಹೀರಿದ್ದನ್ನು ಹರಿಯದೆ ಸೋರದೆ ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಕಾಗದದ ಉದ್ಯಮವೂ ಇವನ್ನು ಬೆರೆಸುವುದಿಲ್ಲ. ಟಿಶ್ಯೂ ಉತ್ಪನ್ನಗಳಿಗಿರುವ ಐಎಸ್ಒ 12625-8 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕಾಗದವನ್ನು ತಂತಿಯ ಬುಟ್ಟಿಯಲ್ಲಿಟ್ಟು ನೀರಿಗೆ ಬಿಟ್ಟು ಹೀರುವ ಸಮಯ, ಹೀರುವ ಪ್ರಮಾಣ ಎಂದು ಎರಡು ಅಂಕಿಗಳನ್ನು ಬೇರೆಬೇರೆಯಾಗಿ ತೆಗೆಯುತ್ತಾರೆ. ಪಟ್ಟಿಯಲ್ಲಿ ನೀರು ಏರುವ ಎತ್ತರವನ್ನು ಅಳೆಯಲು ಐಎಸ್ಒ 8787 ಎಂಬ ಇನ್ನೊಂದೇ ಮಾನದಂಡವಿದೆ. ಪ್ರಯೋಗಾಲಯದವರೇ ಒಂದು ಅಂಕಿಯಲ್ಲಿ ಮುಗಿಸದ್ದನ್ನು ತರಗತಿ ಮುಗಿಸಬೇಕಿಲ್ಲ. ಮೂರರಲ್ಲಿ ಯಾವುದು ನಿಮಗೆ ಬೇಕು ಎಂಬುದೇ ಮೊದಲ ಅಳೆಗೋಲು.

ಎರಡನೆಯದು ಕೈಯಲ್ಲಿರುವ ಸಲಕರಣೆ. ತಕ್ಕಡಿ ಇದೆಯೇ, ಇದ್ದರೆ ಎಷ್ಟು ಸೂಕ್ಷ್ಮ? ಅಳತೆ ಸಿಲಿಂಡರ್ ಒಂದೇ ಇದೆಯೇ, ಗುಂಪಿಗೊಂದು ಇದೆಯೇ? ಮೂರನೆಯದು ಸಮಯ. ಒಂದೇ ಪೀರಿಯಡ್‌ನಲ್ಲಿ ನಾಲ್ಕು ಕಾಗದ, ಪ್ರತಿಯೊಂದಕ್ಕೂ ಮೂರು ಸಲ ಎಂದರೆ ಹನ್ನೆರಡು ಅಳತೆಗಳಾದವು. ಪ್ರತಿ ಅಳತೆಗೆ ಐದು ನಿಮಿಷ ಹಿಡಿದರೆ ಒಂದು ಗಂಟೆ ಹೋಯಿತು. ನಾಲ್ಕನೆಯದು ಮಕ್ಕಳ ವಯಸ್ಸು. ಭಾಗಾಕಾರ ಬರುವವರಿಗೆ ಕೊಡಬಹುದಾದ ಪ್ರಯೋಗ ಬೇರೆ, ಎಣಿಕೆ ಮಾತ್ರ ಬರುವವರಿಗೆ ಕೊಡುವುದು ಬೇರೆ. ಐದನೆಯದೂ ಒಂದಿದೆ, ಇದನ್ನು ಅನೇಕರು ಮರೆಯುತ್ತಾರೆ: ಅದೇ ಕಾಗದವನ್ನು ಮತ್ತೆ ಅಳೆದರೆ ಅದೇ ಉತ್ತರದ ಹತ್ತಿರ ಬರುತ್ತದೆಯೇ? ಬಾರದ ವಿಧಾನ ಎಷ್ಟು ಮಜವಾಗಿದ್ದರೂ ಅದರಿಂದ ಹೋಲಿಕೆ ಮಾಡಲಾಗದು.

ಪಟ್ಟಿಯಲ್ಲಿ ನೀರು ಏರಿಸುವುದು

ಸಲಕರಣೆ ಅತ್ಯಂತ ಕಡಿಮೆ ಬೇಡುವ ವಿಧಾನ ಇದು. ಎಲ್ಲ ಕಾಗದಗಳಿಂದಲೂ 2 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಿ, ಪೆನ್ಸಿಲ್‌ನಿಂದ ಸೆಂಟಿಮೀಟರ್ ಗೆರೆ ಹಾಕಿ, ಒಂದು ಕೋಲಿಗೆ ಕ್ಲಿಪ್ ಹಾಕಿ ಸಾಲಾಗಿ ತೂಗುಬಿಟ್ಟು, ಎಲ್ಲದರ ತುದಿಯೂ 1 ಸೆಂ.ಮೀ. ಮಾತ್ರ ನೀರಿನಲ್ಲಿ ಮುಳುಗುವಂತೆ ಮಾಡಿದರೆ ಆಯಿತು. ಎಲ್ಲ ಪಟ್ಟಿಗಳೂ ಒಂದೇ ಹೊತ್ತಿಗೆ ಓಟ ಶುರುಮಾಡುವುದರಿಂದ ಸಮಯವೂ ಉಳಿಯುತ್ತದೆ, ನೋಡಲೂ ಚೆಂದ.

ಇದು ಅಳೆಯುವುದು ವೇಗವನ್ನು ಮತ್ತು ಏರುವ ಎತ್ತರವನ್ನು. ಎಷ್ಟು ನೀರು ಕಾಗದದೊಳಗೆ ಹೋಯಿತು ಎಂಬುದನ್ನಲ್ಲ. ಕಿರಿದಾದ ಸಂದುಗಳಲ್ಲಿ ನೀರು ತಾನಾಗಿಯೇ ಮೇಲೇರುವ ಲೋಮನಾಳ ಕ್ರಿಯೆಯ ಒಂದು ಸ್ವಾರಸ್ಯ ಇಲ್ಲಿದೆ. ನಾರುಗಳ ನಡುವಿನ ಸಂದು ಕಿರಿದಾದಷ್ಟೂ ನೀರು ಕೊನೆಗೆ ಮುಟ್ಟಬಲ್ಲ ಎತ್ತರ ಹೆಚ್ಚು. ಆದರೆ ಆ ಕಿರಿದಾದ ಸಂದಿನಲ್ಲೇ ನೀರಿಗೆ ಅಡ್ಡಿಯೂ ಹೆಚ್ಚು, ಅದಕ್ಕೇ ಏರಿಕೆ ನಿಧಾನ. ಅಗಲ ಸಂದುಗಳ ಉಬ್ಬಿದ ಕಾಗದ ಚುರುಕಾಗಿ ಹೊರಟು ಬೇಗ ನಿಂತುಬಿಡಬಹುದು. ಅಂದರೆ ಎರಡನೆಯ ನಿಮಿಷದಲ್ಲಿ ನೋಡಿದರೆ ಒಬ್ಬ ವಿಜೇತ, ಇಪ್ಪತ್ತನೆಯ ನಿಮಿಷದಲ್ಲಿ ನೋಡಿದರೆ ಇನ್ನೊಬ್ಬ ಆಗುವ ಸಾಧ್ಯತೆ ಇದೆ. ಆದ್ದರಿಂದ ಯಾವ ನಿಮಿಷದ ಅಳತೆ ಲೆಕ್ಕಕ್ಕೆ ಎಂದು ಪ್ರಯೋಗಕ್ಕೆ ಮೊದಲೇ ಹಲಗೆಯ ಮೇಲೆ ಬರೆದುಬಿಡಿ. ಆಮೇಲೆ ತೀರ್ಮಾನಿಸಿದರೆ ಪ್ರತಿ ಗುಂಪೂ ತನ್ನ ಕಾಗದ ಗೆಲ್ಲುವ ನಿಮಿಷವನ್ನೇ ಆರಿಸುತ್ತದೆ!

ಹಿರಿಯ ತರಗತಿಗಳಿಗೆ ಈ ವಿಧಾನದಲ್ಲಿ ಸಿಗುವ ಇನ್ನೊಂದು ಲಾಭ ನಕ್ಷೆ (ಗ್ರಾಫ್). ಶುರುವಿನ ಹಂತದಲ್ಲಿ ನೀರು ಏರುವ ದೂರ ಸಮಯದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇದನ್ನು 1918ರಲ್ಲಿ ಲೂಕಾಸ್, 1921ರಲ್ಲಿ ವಾಶ್‌ಬರ್ನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ನಿರೂಪಿಸಿದರು. ಮೊದಲ ನಿಮಿಷದಲ್ಲಿ 3 ಸೆಂ.ಮೀ. ಏರಿದ ನೀರು 6 ಸೆಂ.ಮೀ. ಮುಟ್ಟಲು ಎರಡು ನಿಮಿಷವಲ್ಲ, ಸುಮಾರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ. ಮೇಲೆ ಹೋದಂತೆ ಗುರುತ್ವವೂ ಆವಿಯಾಗುವಿಕೆಯೂ ಸೇರಿಕೊಂಡು ಇನ್ನಷ್ಟು ನಿಧಾನವಾಗುತ್ತದೆ. ಮಕ್ಕಳು ನೇರ ಗೆರೆ ಬರುತ್ತದೆಂದು ಊಹಿಸಿ, ಬಾಗಿದ ಗೆರೆ ಬಂದದ್ದನ್ನು ನೋಡಿ ತಲೆ ಕೆರೆದುಕೊಳ್ಳುವುದಿದೆಯಲ್ಲ, ನನ್ನ ಲೆಕ್ಕದಲ್ಲಿ ಈ ವಿಧಾನವನ್ನು ಆರಿಸಲು ಅದೊಂದೇ ಕಾರಣ ಸಾಕು.

ಎರಡು ಎಚ್ಚರಿಕೆ. ನೀರು ಚೆನ್ನಾಗಿ ಕಾಣಲೆಂದು ಬಣ್ಣ ಬೆರೆಸುವುದು ರೂಢಿ. ಆದರೆ ಕೆಲವು ಬಣ್ಣಗಳನ್ನು ಕಾಗದದ ನಾರು ಹಿಡಿದುಕೊಳ್ಳುತ್ತದೆ, ಆಗ ಬಣ್ಣ ಹಿಂದೆ ಉಳಿದು ಬರೀ ನೀರು ಮುಂದೆ ಹೋಗುತ್ತದೆ. ಅಳೆಯಬೇಕಾದ್ದು ಒದ್ದೆಯ ಅಂಚನ್ನು, ಬಣ್ಣದ ಅಂಚನ್ನಲ್ಲ. ಪಟ್ಟಿಯ ಹಿಂದೆ ಕಪ್ಪು ರಟ್ಟು ಹಿಡಿದರೆ ಬಣ್ಣವಿಲ್ಲದೆಯೂ ಆ ಅಂಚು ಕಾಣುತ್ತದೆ. ಎರಡನೆಯದು, ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದು ಸಾಗುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗುತ್ತವೆ. ಒಂದೇ ಹಾಳೆಯಿಂದ ಉದ್ದಕ್ಕೆ ಕತ್ತರಿಸಿದ ಪಟ್ಟಿಯಲ್ಲಿ ಒಂದು ಎತ್ತರ, ಅಡ್ಡಕ್ಕೆ ಕತ್ತರಿಸಿದ ಪಟ್ಟಿಯಲ್ಲಿ ಇನ್ನೊಂದು ಎತ್ತರ ಬರಬಹುದು. ಸುರುಳಿಯಲ್ಲಿ ಬರುವ ಕಾಗದವಾದರೆ ಸುರುಳಿ ಬಿಚ್ಚಿಕೊಳ್ಳುವ ದಿಕ್ಕಿಗೇ ಎಲ್ಲ ಪಟ್ಟಿಗಳನ್ನೂ ಕತ್ತರಿಸಿ.

ಅದ್ದಿ ತೂಗುವುದು

‘ಎಷ್ಟು ಹೀರುತ್ತದೆ’ ಎಂಬ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಣ ಕಾಗದ ತೂಗಿ, 30 ಸೆಕೆಂಡ್ ನೀರಿನಲ್ಲಿ ಮುಳುಗಿಸಿ, ಒಂದು ಮೂಲೆಗೆ ಕ್ಲಿಪ್ ಹಾಕಿ 30 ಸೆಕೆಂಡ್ ತೂಗುಬಿಟ್ಟು, ಮತ್ತೆ ತೂಗುವುದು. ಒದ್ದೆಯ ತೂಕದಲ್ಲಿ ಒಣ ತೂಕ ಕಳೆದರೆ ಹೀರಿದ ನೀರು. ಅದನ್ನು ಒಣ ತೂಕದಿಂದ ಭಾಗಿಸಿದರೆ ಕಾಗದ ತನ್ನ ತೂಕದ ಎಷ್ಟು ಪಟ್ಟು ನೀರು ಹಿಡಿಯಿತು ಎಂಬುದು. ಒಣಗಿದ್ದಾಗ 2 ಗ್ರಾಂ, ಒದ್ದೆಯಾದಾಗ 16 ಗ್ರಾಂ ಎಂದಾದರೆ 7 ಪಟ್ಟು.

ಎಲ್ಲವೂ ನಿಂತಿರುವುದು ತಕ್ಕಡಿಯ ಮೇಲೆ. ಟಿಶ್ಯೂ ಜಾತಿಯ ಕಾಗದಗಳು ಎಷ್ಟು ಹಗುರವೆಂದರೆ, ಒಂದು ಪದರಕ್ಕೆ ಚದರ ಮೀಟರಿಗೆ ಸುಮಾರು 20 ಗ್ರಾಂ ಎಂದು ಹಿಡಿದರೂ ಎರಡು ಪದರದ, 10 ಸೆಂ.ಮೀ. ಚೌಕದ ತುಂಡಿನ ತೂಕ ಬರೀ 0.4 ಗ್ರಾಂ. ಒಂದು ಗ್ರಾಂಗಿಂತ ಚಿಕ್ಕ ವ್ಯತ್ಯಾಸ ತೋರಿಸದ ಅಡುಗೆಮನೆ ತಕ್ಕಡಿ ಇದನ್ನು ಸೊನ್ನೆ ಎಂದೇ ತೋರಿಸುತ್ತದೆ! ಅಂಥ ತಕ್ಕಡಿಯೇ ಇರುವುದಾದರೆ ಹತ್ತು ಹಾಳೆಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ ಒಣ ತೂಕ ತೆಗೆಯಬಹುದು. ಅದ್ದುವುದನ್ನು ಮಾತ್ರ ಒಂದೊಂದೇ ಹಾಳೆ ಮಾಡಬೇಕು. ಕಂತೆಯಾಗಿ ಅದ್ದಿದರೆ ಹಾಳೆಗಳ ನಡುವೆ ನಿಂತ ನೀರೂ ಲೆಕ್ಕಕ್ಕೆ ಬಂದುಬಿಡುತ್ತದೆ. 0.1 ಗ್ರಾಂ ತೋರಿಸುವ ತಕ್ಕಡಿ ಸಿಕ್ಕರೆ ಈ ತಾಪತ್ರಯ ಬಹುಪಾಲು ತೀರಿತು. 0.01 ಗ್ರಾಂನದು ಇದ್ದರೆ ಅನುಕೂಲವೇ, ಆದರೆ ಅದಕ್ಕಾಗಿ ಹಣ ಸುರಿಯಬೇಕಿಲ್ಲ. ಮೂಲೆಯಿಂದ ಸೋರುವ ಒಂದು ಹನಿಯೇ ಸುಮಾರು 0.05 ಗ್ರಾಂ ಇರುವಾಗ ಆ ಕೊನೆಯ ಅಂಕಿಗೆ ಅರ್ಥವಿಲ್ಲ.

ಸೋರಲು ಬಿಡುವ ಸಮಯವೇ ಇಲ್ಲಿ ದೊಡ್ಡ ಕಳ್ಳ. ಒಂದು ಗುಂಪು ಹತ್ತು ಸೆಕೆಂಡ್, ಇನ್ನೊಂದು ಗುಂಪು ಒಂದು ನಿಮಿಷ ಬಿಟ್ಟರೆ ಇಬ್ಬರ ಅಂಕಿಗಳನ್ನೂ ಒಂದೇ ಪಟ್ಟಿಯಲ್ಲಿ ಬರೆಯುವಂತಿಲ್ಲ. ಕೈಯಲ್ಲಿ ಹಿಂಡುವುದಂತೂ ಬೇಡವೇ ಬೇಡ. ಆದರೆ ಪ್ರಯೋಗ ಮುಗಿದ ಮೇಲೆ ಹಿಂಡಿಸಿ ನೋಡಿ. ಹೀರಿದ ನೀರಿನಲ್ಲಿ ಬಹಳಷ್ಟು ಹೊರಗೆ ಬರುತ್ತದೆ. ಕಾಗದದ ನಾರು ಆಗಿರುವ ಸೆಲ್ಯುಲೋಸ್ ಎಂಬ ಪದಾರ್ಥದ ಅಣುಗಳಿಗೆ ನೀರಿನ ಮೇಲೆ ಒಲವಿದೆ, ನಾರು ನೀರು ಕುಡಿದು ಉಬ್ಬುವುದೂ ನಿಜ. ಆದರೆ ಹೆಚ್ಚಿನ ನೀರು ಇರುವುದು ನಾರಿನೊಳಗಲ್ಲ, ನಾರು ನಾರಿನ ನಡುವಿನ ಖಾಲಿ ಜಾಗದಲ್ಲಿ. ಕಿಚನ್ ಟವೆಲ್‌ಗೆ ಉಬ್ಬು ಚಿತ್ತಾರ ಒತ್ತುವುದು, ಎರಡು ಪದರ ಸೇರಿಸುವುದು, ಒಣಗಿಸುವ ಉರುಳೆಯಿಂದ ಅಲಗಿನಲ್ಲಿ ಕೆರೆದು ಸಣ್ಣ ನಿರಿಗೆ ಬರಿಸುವುದು ಎಲ್ಲವೂ ಆ ಖಾಲಿ ಜಾಗ ಹೆಚ್ಚಿಸುವ ಉಪಾಯಗಳೇ.

ಉಳಿದ ನೀರನ್ನು ಅಳೆಯುವುದು

ತಕ್ಕಡಿ ಇಲ್ಲದ ತರಗತಿಯಲ್ಲಿ ಪ್ರಮಾಣ ತಿಳಿಯುವ ದಾರಿ. ಅಳತೆ ಸಿಲಿಂಡರ್‌ನಲ್ಲಿ 50 ಮಿ.ಲೀ. ನೀರು ತೆಗೆದು ತಟ್ಟೆಗೆ ಸುರಿದು, ಕಾಗದವನ್ನು ಅದರಲ್ಲಿ 30 ಸೆಕೆಂಡ್ ಇಟ್ಟು, ಎತ್ತಿ ಸೋರಲು ಬಿಟ್ಟು, ಉಳಿದ ನೀರನ್ನು ಸಿಲಿಂಡರ್‌ಗೆ ವಾಪಸ್ ಸುರಿಯುವುದು. 50ರಲ್ಲಿ 38 ಉಳಿದರೆ ಕಾಗದ ಕುಡಿದದ್ದು 12 ಮಿ.ಲೀ. ಬರೀ ಕಳೆಯುವ ಲೆಕ್ಕ. ಭಾಗಾಕಾರಕ್ಕೆ ಹೆದರುವ ಮಕ್ಕಳಿಗೆ ಹೇಳಿ ಮಾಡಿಸಿದ್ದು.

ಹೇಳಿ ಮಾಡಿಸಿದ್ದು ಎಂದೆ, ಆದರೆ ನಾಲ್ಕರಲ್ಲಿ ಮೋಸ ಹೋಗಲು ಸುಲಭವಾದ ವಿಧಾನವೂ ಇದೇ. ತಟ್ಟೆಗೆ ಅಂಟಿದ ನೀರು ವಾಪಸ್ ಬರುವುದಿಲ್ಲ, ಅದೆಲ್ಲ ಕಾಗದದ ಖಾತೆಗೆ ಜಮೆಯಾಗುತ್ತದೆ. ಪರಿಹಾರ ಸರಳ: ಕಾಗದವಿಲ್ಲದೆ ಒಮ್ಮೆ ನೀರನ್ನು ತಟ್ಟೆಗೆ ಸುರಿದು ವಾಪಸ್ ಅಳೆಯಿರಿ. 50 ಹಾಕಿ 48 ಬಂದರೆ 2 ಮಿ.ಲೀ. ತಟ್ಟೆಯದು, ಅದನ್ನು ಪ್ರತಿ ಉತ್ತರದಿಂದಲೂ ಕಳೆಯಿರಿ. ಪ್ರತಿ ಸಲವೂ ತಟ್ಟೆಯನ್ನು ಒರೆಸಿ ಒಣಗಿಸಬೇಕು, ಇಲ್ಲವಾದರೆ ಈ ಲೆಕ್ಕ ನಿಲ್ಲದು. ಇನ್ನೊಂದು, ಕಾಗದ ತಟ್ಟೆಯ ನೀರನ್ನೆಲ್ಲ ಕುಡಿದು ಮುಗಿಸಿಬಿಟ್ಟರೆ ಅದು ಇನ್ನೂ ಎಷ್ಟು ಕುಡಿಯುತ್ತಿತ್ತು ಎಂಬುದು ತಿಳಿಯುವುದಿಲ್ಲ. ತಟ್ಟೆಯಲ್ಲಿ ನೀರು ಉಳಿಯಲೇಬೇಕು. ಓದುವಾಗ ಕಣ್ಣು ನೀರಿನ ಮಟ್ಟಕ್ಕೆ ಸಮನಾಗಿರಲಿ, ಬಾಗಿದ ಮೇಲ್ಮೈಯ ತಳ ನೋಡಲಿ. ಸಿಲಿಂಡರ್ ಕೂಡ ಇಲ್ಲವೇ? ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್ ಸಾಕು, ಸಣ್ಣ ತುಂಡು ಕಾಗದಕ್ಕೆ ಅದೇ ಹೆಚ್ಚು ನಿಖರ.

ಹನಿ ಎಣಿಸುವುದು

ಚಿಕ್ಕ ಮಕ್ಕಳಿಗೆ ಇದು. ಲೋಟದ ಬಾಯಿಗೆ ಕಾಗದವನ್ನು ರಬ್ಬರ್ ಬ್ಯಾಂಡ್‌ನಿಂದ ಬಿಗಿದು, ಡ್ರಾಪರ್‌ನಿಂದ ನಡುವಿಗೆ ಒಂದೊಂದೇ ಹನಿ ಹಾಕುತ್ತ, ಕೆಳಗೆ ಮೊದಲ ಹನಿ ತೊಟ್ಟಿಕ್ಕುವವರೆಗೆ ಎಣಿಸುವುದು. ಸಾಮಾನ್ಯ ಡ್ರಾಪರ್‌ನಲ್ಲಿ ಸುಮಾರು 20 ಹನಿಗೆ 1 ಮಿ.ಲೀ. ಎಂಬ ಲೆಕ್ಕವಿದೆ, ಆದರೆ ಡ್ರಾಪರ್‌ನಿಂದ ಡ್ರಾಪರ್‌ಗೆ ಇದು ಬದಲಾಗುತ್ತದೆ. ಇಡೀ ತರಗತಿಗೆ ಒಂದೇ ಬಗೆಯ ಡ್ರಾಪರ್ ಇರಲಿ, ಎಲ್ಲರೂ ಒಂದೇ ಎತ್ತರದಿಂದ, ಒಂದೇ ಗತಿಯಲ್ಲಿ ಹಾಕಲಿ.

ಒಂದು ಹನಿ ಪೂರ್ತಿ ಇಂಗಲು ಎಷ್ಟು ಸೆಕೆಂಡ್ ಬೇಕು ಎಂದು ಗಡಿಯಾರ ಹಿಡಿದು ನೋಡುವವರೂ ಇದ್ದಾರೆ. ಬರೆಯುವ ಕಾಗದಕ್ಕೂ ಟಿಶ್ಯೂಗೂ ಇರುವ ವ್ಯತ್ಯಾಸ ತೋರಿಸಲು ಅದು ಒಳ್ಳೆಯದು. ಎರಡು ಟಿಶ್ಯೂಗಳ ನಡುವೆ ಆರಿಸಲು ಅಲ್ಲ. ಹನಿ ಬಿದ್ದ ಕ್ಷಣದಲ್ಲೇ ಮಾಯವಾಗುವಾಗ ಗುಂಡಿ ಒತ್ತುವ ಬೆರಳಿನ ತಡವೇ ಅಳತೆಗಿಂತ ದೊಡ್ಡದಾಗಿಬಿಡುತ್ತದೆ.

ಯಾವುದನ್ನು ಸಮ ಮಾಡಬೇಕು?

ವಿಧಾನ ಆರಿಸಿದ ಮೇಲೂ ಒಂದು ತೀರ್ಮಾನ ಬಾಕಿ ಇರುತ್ತದೆ, ಫಲಿತಾಂಶವನ್ನು ತಲೆಕೆಳಗು ಮಾಡುವ ಶಕ್ತಿ ಅದಕ್ಕಿದೆ. ಹೋಲಿಸುವುದು ಒಂದೊಂದು ಹಾಳೆಯನ್ನೋ, ಒಂದೇ ಅಳತೆಯ ತುಂಡುಗಳನ್ನೋ, ಒಂದೇ ತೂಕದ ಕಾಗದವನ್ನೋ? ಲೆಕ್ಕಕ್ಕೆ ಹೀಗೆ ಎಂದುಕೊಳ್ಳಿ: ಕಿಚನ್ ಟವೆಲ್‌ನ ಒಂದು ಹಾಳೆ 3 ಗ್ರಾಂ, ಅದು ಹೀರಿದ್ದು 24 ಗ್ರಾಂ. ಟಾಯ್ಲೆಟ್ ಪೇಪರ್‌ನ ಒಂದು ಹಾಳೆ ಅರ್ಧ ಗ್ರಾಂ, ಹೀರಿದ್ದು 4.5 ಗ್ರಾಂ. ಹಾಳೆಗೆ ಹಾಳೆ ನೋಡಿದರೆ ಟವೆಲ್ ಐದು ಪಟ್ಟಿಗೂ ಹೆಚ್ಚು ಮುಂದೆ. ಗ್ರಾಂಗೆ ಗ್ರಾಂ ನೋಡಿದರೆ 8 ಪಟ್ಟಿನ ಎದುರು 9 ಪಟ್ಟು, ಟಾಯ್ಲೆಟ್ ಪೇಪರ್ ಗೆದ್ದಿತು.

ಕೊಳ್ಳುವವರ ದೃಷ್ಟಿಯಿಂದ ಪ್ರಯೋಗ ಮಾಡುತ್ತಿದ್ದರೆ ಹಾಳೆಯ ಲೆಕ್ಕವೇ ಸರಿ, ಬೇಕಿದ್ದರೆ ಒಂದು ಹಾಳೆಯ ಬೆಲೆಯಿಂದ ಭಾಗಿಸಿ ನೋಡಬಹುದು. ಕಾಗದದ ರಚನೆ ಹೋಲಿಸುವುದಿದ್ದರೆ ತೂಕದ ಲೆಕ್ಕ. ಒಂದೇ ವಿಸ್ತೀರ್ಣದ ತುಂಡುಗಳು ನಡುವಿನ ದಾರಿ. ತಕ್ಕಡಿ ಇಲ್ಲದವರಿಗೆ ಇರುವ ನ್ಯಾಯವಾದ ದಾರಿ ಅದೊಂದೇ. ನನ್ನನ್ನು ಕೇಳಿದರೆ ಎಲ್ಲರೂ 10 ಸೆಂ.ಮೀ. ಚೌಕ ಕತ್ತರಿಸಿಕೊಳ್ಳಲಿ, ತಕ್ಕಡಿ ಇದ್ದವರು ತೂಕವನ್ನೂ ಬರೆದಿಟ್ಟುಕೊಳ್ಳಲಿ. ಆಗ ಒಂದೇ ಸಲದ ಅಳತೆಯಿಂದ ಎರಡು ಬಗೆಯ ಉತ್ತರ ತೆಗೆಯಬಹುದು.

ಯಾವ ಕಾಗದಗಳು

ಹತ್ತು ಬಗೆ ತಂದು ಒಂದೊಂದನ್ನು ಒಮ್ಮೆ ಅಳೆಯುವುದಕ್ಕಿಂತ ನಾಲ್ಕು ಬಗೆ ತಂದು ಮೂರು ಮೂರು ಸಲ ಅಳೆಯುವುದು ಎಷ್ಟೋ ಮೇಲು.

ಕಿಚನ್ ಟವೆಲ್ ಇರಲೇಬೇಕು. ಎರಡನೆಯದಾಗಿ ಟಾಯ್ಲೆಟ್ ಪೇಪರ್ ಅಥವಾ ಮುಖ ಒರೆಸುವ ಟಿಶ್ಯೂ. ಇವೆರಡೂ ಒಂದೇ ರೀತಿ ಕಂಡರೂ ನೀರಿಗಿಳಿದಾಗ ಗುಣ ಬೇರೆ. ಒಣ ಕಾಗದದ ನಾರುಗಳನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಹೈಡ್ರೋಜನ್ ಬಂಧಗಳು ಎಂಬ, ಅಣುಗಳ ನಡುವಿನ ಸೆಳೆತಗಳು; ನೀರು ಸೇರಿದರೆ ಅವು ಸಡಿಲಗೊಳ್ಳುತ್ತವೆ. ಟವೆಲ್‌ಗೂ ಮುಖದ ಟಿಶ್ಯೂಗೂ ಒದ್ದೆಯಾದರೂ ಹರಿಯದಿರಲೆಂದು ಒಂದು ಬಗೆಯ ರಾಳ ಸೇರಿಸುತ್ತಾರೆ. ಟಾಯ್ಲೆಟ್ ಪೇಪರ್ ಕೊಳವೆಯಲ್ಲಿ ಚೂರುಚೂರಾಗಿ ಹೋಗಬೇಕಾದ್ದರಿಂದ ಸಾಮಾನ್ಯವಾಗಿ ಅದಕ್ಕೆ ಸೇರಿಸುವುದಿಲ್ಲ. ಹೀಗಾಗಿ ಅದ್ದಿ ತೂಗುವ ವಿಧಾನದಲ್ಲಿ ಟಾಯ್ಲೆಟ್ ಪೇಪರ್ ಕೈಗೆ ಬರುವ ಮುನ್ನವೇ ಚೂರಾದರೆ ಆಶ್ಚರ್ಯವಿಲ್ಲ. ಹರಿಯದಂತೆ ಅದನ್ನು ಜರಡಿಯ ಮೇಲಿಟ್ಟು ಅದ್ದಿ. ಆಗ ಉಳಿದ ಕಾಗದಗಳನ್ನೂ ಜರಡಿಯ ಮೇಲೆಯೇ ಅದ್ದಿ, ಜರಡಿಯ ಮೇಲೆಯೇ ಸೋರಲು ಬಿಡಬೇಕು. ಲೋಶನ್ ಸವರಿದ ಟಿಶ್ಯೂ ತರಬೇಡಿ, ಅಥವಾ ಅದನ್ನೇ ಬೇರೆ ಪ್ರಶ್ನೆಯಾಗಿ ತನ್ನಿ.

ಮೂರನೆಯದು ನ್ಯಾಪ್ಕಿನ್ ಅಥವಾ ಹಳೆಯ ವೃತ್ತಪತ್ರಿಕೆ. ದುಡ್ಡು ಖರ್ಚು ಮಾಡಲಾಗದ ತರಗತಿಗೆ ಪತ್ರಿಕೆಯೇ ಸರಿ. ಒತ್ತಿ ನುಣುಪು ಮಾಡಿದ ಕಾಗದವಾದ್ದರಿಂದ ಅದರಲ್ಲಿ ಖಾಲಿ ಜಾಗ ಕಡಿಮೆ, ಹೀರಿಕೆಯೂ ಟಿಶ್ಯೂಗಳಷ್ಟಿಲ್ಲ. ಆದರೆ ಹೋಲಿಕೆಗೆ ಅಂಥದ್ದೊಂದು ಬೇಕು. ಶಾಯಿ ನೀರನ್ನು ತಡೆಯುವುದರಿಂದ ಅಚ್ಚಿಲ್ಲದ ಅಂಚನ್ನು ಬಳಸಿ. ನಾಲ್ಕನೆಯದಾಗಿ ನೋಟ್‌ಬುಕ್ಕಿನ ಹಾಳೆಯನ್ನು ಬಿಡಬೇಡಿ. ಶಾಯಿ ಹರಡದಂತೆ ಅದಕ್ಕೆ ನೀರು ತಡೆಯುವ ಪದಾರ್ಥಗಳನ್ನು ಸೇರಿಸಿರುತ್ತಾರೆ. ಅದೂ ಸೆಲ್ಯುಲೋಸೇ, ಟವೆಲ್ಲೂ ಸೆಲ್ಯುಲೋಸೇ. ಆದರೂ ಪಟ್ಟಿಯಲ್ಲಿ ನೀರು ಏರಲು ತಿಣುಕುತ್ತದೆ. ಸೋಲುವ ಕಾಗದವೊಂದು ಎದುರಿಗಿದ್ದಾಗಲೇ ಗೆಲ್ಲುವ ಕಾಗದ ಯಾಕೆ ಗೆಲ್ಲುತ್ತದೆ ಎಂಬ ಪ್ರಶ್ನೆ ಹುಟ್ಟುವುದು.

ಎಲ್ಲ ಕಾಗದಗಳನ್ನೂ ಹಿಂದಿನ ದಿನವೇ ಪೊಟ್ಟಣದಿಂದ ತೆಗೆದು ಒಂದೇ ಕೋಣೆಯಲ್ಲಿ ಇಡಿ, ಕಾಗದ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಒಂದೇ ಪಾತ್ರೆಯದಿರಲಿ. ಬಿಸಿ ನೀರು ತೆಳುವಾಗಿ ಹರಿಯುವುದರಿಂದ ಬೇಗ ಏರುತ್ತದೆ.

ಹಾಗಾದರೆ ನಿಮಗೆ ಯಾವುದು?

ಎಂಟು ವರ್ಷದೊಳಗಿನ ಮಕ್ಕಳು, ತಕ್ಕಡಿಯೂ ಅಳತೆ ಪಾತ್ರೆಯೂ ಇಲ್ಲ ಎಂದರೆ ಯೋಚಿಸುವುದೇ ಬೇಡ, ಹನಿ ಎಣಿಕೆ. ಅಳತೆ ಪಾತ್ರೆ ಇದೆ, ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತದೆ ಎಂದರೆ ಉಳಿದ ನೀರಿನ ವಿಧಾನ, ಖಾಲಿ ತಟ್ಟೆಯ ಅಳತೆಯ ಸಮೇತ. ಮಕ್ಕಳು ಹೆಚ್ಚು, ಹೊತ್ತು ಕಡಿಮೆ, ನಕ್ಷೆ ಕಲಿಸಬೇಕಿದೆ ಎಂಬಲ್ಲಿ ಪಟ್ಟಿ. 0.1 ಗ್ರಾಂ ತಕ್ಕಡಿ ಇರುವ ಹಿರಿಯ ತರಗತಿಗೆ ಅದ್ದಿ ತೂಗುವುದನ್ನು ಬಿಟ್ಟು ಬೇರೆ ಕೊಡಲು ನನಗೆ ಮನಸ್ಸಿಲ್ಲ.

ವಿಜ್ಞಾನ ಮೇಳಕ್ಕೆ ತಯಾರಾಗುವವರ ಮಾತು ಬೇರೆ. ಅವರು ಎರಡು ವಿಧಾನಗಳನ್ನು ಮಾಡಲಿ: ಪಟ್ಟಿಯೊಂದು, ತೂಕವೊಂದು. ಎರಡರಲ್ಲೂ ಕಾಗದಗಳ ಕ್ರಮ ಒಂದೇ ಬಂದರೆ ಸರಿ, ಬೇರೆ ಬಂದರೆ ಇನ್ನೂ ಒಳ್ಳೆಯದು, ವಿವರಿಸಲು ಏನಾದರೂ ಸಿಕ್ಕಿತು. ಸಮಯ ಉಳಿದರೆ ಒದ್ದೆ ಕಾಗದವನ್ನು ಲೋಟದ ಬಾಯಿಗೆ ಬಿಗಿದು ಹರಿಯುವವರೆಗೆ ಒಂದೊಂದೇ ನಾಣ್ಯ ಇಡುತ್ತ ಹೋಗಬಹುದು. ಹೀರುವಲ್ಲಿ ಮುಂದಿದ್ದ ಕಾಗದ ಅಲ್ಲಿ ಮುಗ್ಗರಿಸಬಹುದು. ಫಲಕದ ಮೇಲೆ ಸರಾಸರಿಯ ಪಕ್ಕದಲ್ಲಿ ಅತಿ ಕಡಿಮೆ, ಅತಿ ಹೆಚ್ಚು ಅಳತೆಗಳನ್ನೂ ಬರೆಯಬೇಕು. ಒಂದು ಕಾಗದ 7ರಿಂದ 9 ಪಟ್ಟು, ಇನ್ನೊಂದು 8ರಿಂದ 10 ಪಟ್ಟು ಎಂದು ಬಂದಿದ್ದರೆ ಎರಡನೆಯದು ಗೆದ್ದಿತೆಂದು ಬರೆಯದೆ, ಇಷ್ಟು ಅಳತೆಗಳಿಂದ ವ್ಯತ್ಯಾಸ ಹೇಳಲಾಗದು ಎಂದು ಬರೆಯಲಿ. ತೀರ್ಪುಗಾರರು ಕೇಳಿದಾಗ ಆ ಸಾಲನ್ನು ಸಮರ್ಥಿಸುವುದು ಸುಲಭ.

ಪ್ರಯೋಗ ಮುಗಿದ ಮೇಲೆ ಒದ್ದೆ ಟವೆಲ್, ಟಿಶ್ಯೂಗಳನ್ನು ಸಿಂಕಿಗೋ ಶೌಚದ ಗುಂಡಿಗೋ ಹಾಕಲು ಬಿಡಬೇಡಿ. ಒದ್ದೆಯಲ್ಲೂ ಅವು ಹರಿಯದಂತೆ ಮಾಡುವ ಅದೇ ರಾಳ ಕೊಳವೆ ಕಟ್ಟಿಸುತ್ತದೆ.